ಇಂಜೆಕ್ಷನ್ ಬಿತ್ತು, ಚೀಟಿ ಎಲ್ಲಿ?

ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ ನಾಯಿಗಳಿಗೊಂದು ಗುಡಿ ಇದೆ. ಊರದೇವತೆ ಕೆಂಪಮ್ಮನ ಕಾವಲಿಗೆಂದು 2010ರಲ್ಲಿ ಕಟ್ಟಿದ ಈ ಗುಡಿಯಲ್ಲಿ ಎರಡು ನಾಯಿಗಳ ವಿಗ್ರಹಗಳಿವೆ. ಹೂವು, ಕುಂಕುಮ, ಪೂಜೆ ಎಲ್ಲವೂ ನಡೆಯುತ್ತದೆ. ಇದೇ ಸೀಮೆಯಲ್ಲಿ ಮನೆ ಕಾಯುವ ನಾಯಿ ಕಾಯಿಲೆ ಬಿದ್ದರೆ, ಅದಕ್ಕೆ ಏನಾಗಿದೆ, ಯಾವ ಔಷಧ ಕೊಟ್ಟಿದ್ದಾರೆ ಎಂದು ಬರೆದ ಒಂದು ಚೀಟಿಯೂ ಎಷ್ಟೋ ಸಲ ಸಾಕಿದವರ ಕೈಸೇರುವುದಿಲ್ಲ.

ನಮ್ಮ ಮನೆಯ ನಾಯಿ ಕರಿಯ ಒಂದು ದಿನ ಮುದ್ದೆ ಮೂಸಿ ನೋಡಿ ಹಿಂದಕ್ಕೆ ಸರಿದ. ಮೈ ಸುಡುತ್ತಿತ್ತು. ಹತ್ತಿರದ ಪೇಟೆಯಲ್ಲಿ ಡಾಕ್ಟರಿಗೆ ತೋರಿಸಿದೆವು. ‘ಜ್ವರ ಇದೆ, ಇಂಜೆಕ್ಷನ್ ಹಾಕಿದೀನಿ, ನಾಳೆ ಕರ್ಕೊಂಡು ಬನ್ನಿ’ ಎಂದರು. ಮೂರು ದಿನ ಹೋದೆವು. ದಿನಕ್ಕೆ ಎರಡೋ ಮೂರೋ ಇಂಜೆಕ್ಷನ್, ಒಂದು ಬಾಟಲಿ ಗ್ಲೂಕೋಸ್. ರಕ್ತ ಪರೀಕ್ಷೆಯ ಮಾತು ಬರಲಿಲ್ಲ. ಏನು ಕಾಯಿಲೆ ಎಂದು ಕೇಳಿದ್ದಕ್ಕೆ ‘ಇನ್ಫೆಕ್ಷನ್’ ಎಂಬ ಒಂದೇ ಪದ ಉತ್ತರವಾಗಿ ಬಂತು. ನಾಲ್ಕನೆಯ ಬೆಳಿಗ್ಗೆ ಕರಿಯನ ಮೂಗಿನಿಂದ ರಕ್ತ ಒಸರುತ್ತಿತ್ತು. ಕಾರು ಮಾಡಿಕೊಂಡು ಬೆಂಗಳೂರಿಗೆ ಓಡಿದೆವು. ಅಲ್ಲಿನ ವೈದ್ಯೆ ಮೊದಲು ಕೇಳಿದ್ದು: ‘ಇದುವರೆಗೆ ಏನೇನು ಕೊಟ್ಟಿದ್ದಾರೆ?’ ನಾವು ಮುಖ ಮುಖ ನೋಡಿಕೊಂಡೆವು. ‘ಒಂದು ಬಿಳೀದು, ಒಂದು ಹಳದೀದು’ ಎಂದು ನನ್ನ ಹೆಂಡತಿ ಹೇಳಿದಳು. ನಮಗೆ ಗೊತ್ತಿದ್ದದ್ದು ಅಷ್ಟೇ.

ಕರಿಯನಿಗಿದ್ದದ್ದು ಉಣ್ಣೆಯಿಂದ ಬರುವ ಜ್ವರ. ಎರ್ಲಿಕಿಯ ಎಂಬ ಸೂಕ್ಷ್ಮಜೀವಿ ಉಣ್ಣೆಯ ಕಚ್ಚಿನಿಂದ ರಕ್ತ ಸೇರುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ, ಮೂಗಿನಲ್ಲಿ ರಕ್ತ ಬರುವುದೂ ಉಂಟು. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸುಮಾರು 4 ವಾರ ಬಿಡದೆ ನುಂಗಿಸಿದರೆ ಹೆಚ್ಚಿನ ನಾಯಿಗಳು ಚೇತರಿಸಿಕೊಳ್ಳುತ್ತವೆ. ಕರಿಯನೂ ಚೇತರಿಸಿಕೊಂಡ. ಆದರೆ ಮೊದಲ ಡಾಕ್ಟರು ತಪ್ಪು ಮಾಡಿದ್ದರೇ? ಇವತ್ತಿಗೂ ಗೊತ್ತಿಲ್ಲ. ಅವರು ಸರಿಯಾದ ಔಷಧವನ್ನೇ ಶುರುಮಾಡಿದ್ದಿರಬಹುದು. ಅದನ್ನು ತಿಳಿಯುವ ದಾರಿಯನ್ನೇ ಅವರು ನಮಗೆ ಬಿಟ್ಟಿರಲಿಲ್ಲ. ಅವರ ಮೇಲಿನ ನಂಬಿಕೆ ಹೋದದ್ದು ಅಲ್ಲಿಯೇ.

ರೋಗ ಗುರುತಿಸುವಲ್ಲಿ ಯಾವ ವೈದ್ಯರೂ ಎಡವಬಹುದು. ಬಾಯಿಲ್ಲದ ಪ್ರಾಣಿ ನೋವು ಎಲ್ಲಿದೆ ಎಂದು ಹೇಳುವುದಿಲ್ಲ. ‘ಹೀಗಿರಬಹುದು ಅನಿಸುತ್ತೆ, ಎರಡು ದಿನ ನೋಡೋಣ, ಇಳೀದಿದ್ರೆ ರಕ್ತ ಪರೀಕ್ಷೆ ಮಾಡಿಸೋಣ’ ಎಂದವರು ಎಡವಿದರೂ ಜನ ಮತ್ತೆ ಅವರ ಬಾಗಿಲಿಗೇ ಹೋಗುತ್ತಾರೆ. ಏನೂ ಹೇಳದೆ ಸೂಜಿ ಚುಚ್ಚಿ ಕಳಿಸಿದವರ ಮೇಲೆ, ನಾಯಿ ಬದುಕಿದರೂ, ಅನುಮಾನ ಉಳಿಯುತ್ತದೆ.

ಚೀಟಿ ಇಲ್ಲದಿರುವುದು ಮನಸ್ಸಿನ ಕಸಿವಿಸಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ಸ್ಟಿರಾಯ್ಡ್ ಇಂಜೆಕ್ಷನ್ ಬಿದ್ದರೆ ಜ್ವರ ಇಳಿದು ನಾಯಿ ಒಂದು ದಿನ ಗೆಲುವಾದಂತೆ ಕಾಣುತ್ತದೆ. ಅದು ಗೊತ್ತಿಲ್ಲದ ಎರಡನೆಯ ವೈದ್ಯರು ನೋವಿನ ಔಷಧ ಕೊಟ್ಟರೆ, ಎರಡೂ ಸೇರಿ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ತರಬಲ್ಲವು. ಮೊದಲನೆಯವರು ಬರೆದುಕೊಡುವ ಎರಡು ಸಾಲು ಎರಡನೆಯವರ ಕೈಯನ್ನು ಅಲ್ಲಿಗೆ ತಡೆಯುತ್ತದೆ.

ನಮ್ಮ ಸೀಮೆಗೆ ಇನ್ನೊಂದು ಸೂಕ್ಷ್ಮವೂ ಇದೆ. ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಗೂಡು ಸಾಗಿಸುವ ಮನೆಗಳಲ್ಲಿ ನಾಯಿ ಮಲಗುವುದು ಹುಳದ ಮನೆಯ ಪಕ್ಕದಲ್ಲೇ. ಉಣ್ಣೆ ಕೊಲ್ಲಲು ಕೊಡುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್‌ನಂಥ ದ್ರಾವಣಗಳು ರೇಷ್ಮೆ ಹುಳುವಿಗೆ ಘೋರ ವಿಷ. ನಾಯಿಯ ಮೈಗೆ ಹಚ್ಚಿದ ಕೈಯಲ್ಲೇ ಸೊಪ್ಪು ಮುಟ್ಟಿದರೆ ಒಂದು ಬೆಳೆಯೇ ಹೋಗಬಹುದು. ಆದ್ದರಿಂದ ರಾಮನಗರ, ಕನಕಪುರದ ಪಶುವೈದ್ಯರು ಉಣ್ಣೆಗೆ ಔಷಧ ಬರೆಯುವ ಮೊದಲು ‘ಮನೇಲಿ ಹುಳ ಸಾಕ್ತೀರಾ?’ ಎಂದು ಕೇಳಲೇಬೇಕು. ಅದನ್ನು ಕೇಳುವ ವೈದ್ಯರನ್ನು ರೈತ ಕಣ್ಣುಮುಚ್ಚಿ ನಂಬುತ್ತಾನೆ.

ವೈದ್ಯರ ಕಡೆಯ ಮಾತನ್ನೂ ಕೇಳಬೇಕು. ನಮ್ಮ ಸರ್ಕಾರಿ ಪಶು ಆಸ್ಪತ್ರೆಗಳು ಬೆಳೆದದ್ದು ಹಸು, ಎಮ್ಮೆ, ಕುರಿ, ಮೇಕೆಗಳ ಸುತ್ತ. ಹಾಲಿನ ಡೇರಿಗಳ ಈ ಜಿಲ್ಲೆಯಲ್ಲಿ ಕೃತಕ ಗರ್ಭಧಾರಣೆ, ಕಾಲುಬಾಯಿ ಜ್ವರದ ಲಸಿಕೆ, ಕರು ಹಾಕಲಾರದೆ ಒದ್ದಾಡುವ ಹಸುವಿನ ನಡುವೆ ನಾಯಿಯ ಸರದಿ ಕೊನೆಯದು. ಹಾಲು ಕೊಡುವ ಹಸುವಿಗೆ ಸಾಲ ಮಾಡಿಯಾದರೂ ಖರ್ಚು ಮಾಡುವ ಮನೆಯವರು ನಾಯಿಗೆ ರಕ್ತ ಪರೀಕ್ಷೆ ಎಂದರೆ ‘ಒಂದು ಇಂಜೆಕ್ಷನ್ ಹಾಕ್‌ಬಿಡಿ ಸಾರ್, ಸಾಕು’ ಎನ್ನುತ್ತಾರೆ. ಜ್ವರಕ್ಕೆ ಮೆಡಿಕಲ್ ಸ್ಟೋರಿನ ಐಬುಪ್ರೊಫೆನ್ ನುಂಗಿಸಿರುತ್ತಾರೆ. ಅದು ನಾಯಿಯ ಹೊಟ್ಟೆ, ಕಿಡ್ನಿಗಳನ್ನು ಕೆಡಿಸುತ್ತದೆ ಎಂದು ತಿಳಿದಿರುವುದಿಲ್ಲ, ಡಾಕ್ಟರ ಮುಂದೆ ಬಾಯಿಯನ್ನೂ ಬಿಡುವುದಿಲ್ಲ. 4 ವಾರದ ಮಾತ್ರೆಯನ್ನು ನಾಯಿ ಅನ್ನ ತಿಂದ ದಿನವೇ ನಿಲ್ಲಿಸುತ್ತಾರೆ. ಪಾರ್ವೊ ಲಸಿಕೆ ಹಾಕಿಸದ ಮರಿ ರಕ್ತಭೇದಿಯಾಗಿ ಮೂರನೆಯ ದಿನ ಆಸ್ಪತ್ರೆಗೆ ಬಂದು ಸತ್ತರೆ ಬೈಗುಳ ಮಾತ್ರ ವೈದ್ಯರಿಗೆ. ನಂಬಿಕೆ ಎರಡೂ ಕಡೆ ಸವೆದಿದೆ.

ಇದರ ನಡುವೆ ‘ಡಾಕ್ಟ್ರು’ ಯಾರು ಎಂಬ ಗೊಂದಲ ಬೇರೆ. ಸೂಜಿ ಹಿಡಿದವರೆಲ್ಲ ಹಳ್ಳಿಯಲ್ಲಿ ಡಾಕ್ಟ್ರೇ. ಭಾರತೀಯ ಪಶುವೈದ್ಯಕೀಯ ಪರಿಷತ್ತಿನ 1984ರ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ನೋಂದಾಯಿತ ಪಶುವೈದ್ಯರು ಮಾತ್ರ ಚಿಕಿತ್ಸೆ ನೀಡಬಹುದು. ಡಿಪ್ಲೊಮಾ, ಪ್ರಮಾಣಪತ್ರ ಪಡೆದ ಸಿಬ್ಬಂದಿ ರಾಜ್ಯ ಸರ್ಕಾರದ ಅನುಮತಿಯಿದ್ದರೆ ವೈದ್ಯರ ಉಸ್ತುವಾರಿಯಲ್ಲಿ ಲಸಿಕೆ, ಗಾಯಕ್ಕೆ ಪಟ್ಟಿಯಂಥ ಸಣ್ಣ ಸೇವೆಗಳನ್ನಷ್ಟೇ ಮಾಡಬಹುದು. ಹೆಸರು, ನೋಂದಣಿ ಸಂಖ್ಯೆ ಅಚ್ಚಾದ ಚೀಟಿ ಕೈಗೆ ಬಂದರೆ ಈ ಗೊಂದಲವೂ ಮುಗಿಯುತ್ತದೆ.

ಬರೆದಿಡದ ಇಂಜೆಕ್ಷನ್ನಿನ ಬೆಲೆ ಎಷ್ಟಾಗಬಹುದು ಎಂದು ನೋಡಬೇಕಾದವರು ರಾಮನಗರದ ರಾಮದೇವರ ಬೆಟ್ಟ ಹತ್ತಬೇಕು. ಉದ್ದಕೊಕ್ಕಿನ ರಣಹದ್ದುಗಳ ಉಳಿವಿಗಾಗಿ 2012ರಲ್ಲಿ ಆ ಬೆಟ್ಟವನ್ನು ವನ್ಯಧಾಮ ಎಂದು ಘೋಷಿಸಬೇಕಾಯಿತು. ದೇಶದಾದ್ಯಂತ ರಣಹದ್ದುಗಳು ಕಣ್ಮರೆಯಾಗುತ್ತಿದ್ದಾಗ ಕಾರಣ ವರ್ಷಗಟ್ಟಲೆ ತಿಳಿಯಲಿಲ್ಲ. ದನಗಳಿಗೆ ಚುಚ್ಚುತ್ತಿದ್ದ ನೋವಿನ ಔಷಧ ಡೈಕ್ಲೊಫೆನಾಕ್, ಸತ್ತ ದನದ ಮಾಂಸದ ಮೂಲಕ ಹದ್ದುಗಳ ಕಿಡ್ನಿ ಕೆಡಿಸುತ್ತಿದೆ ಎಂಬುದು 2004ರಲ್ಲಷ್ಟೇ ಗೊತ್ತಾಯಿತು. 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಲಾಯಿತು. ಯಾವ ಕೊಟ್ಟಿಗೆಯಲ್ಲಿ ಯಾವ ಹಸುವಿಗೆ ಏನು ಚುಚ್ಚಿದರು ಎಂಬುದಕ್ಕೆ ಲೆಕ್ಕವೇ ಇಲ್ಲದ ದೇಶದಲ್ಲಿ, ಆ ಲೆಕ್ಕವನ್ನು ಸತ್ತ ಹದ್ದುಗಳ ಹೊಟ್ಟೆ ಕೊಯ್ದು ಓದಬೇಕಾಯಿತು.

ನಾಯಿಯ ವಿಷಯದಲ್ಲಿ ಅಪಾಯ ಮನೆಯವರಿಗೂ ಉಂಟು. ಜೊಲ್ಲು ಸುರಿಸುತ್ತಾ, ನೀರು ನುಂಗಲಾರದೆ ನಿಂತ ನಾಯಿಯ ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ಕೈಹಾಕುವವರಿದ್ದಾರೆ. ಅದು ಹುಚ್ಚುನಾಯಿ ರೋಗವೂ ಆಗಿರಬಹುದು. ರೋಗಲಕ್ಷಣ ಕಾಣಿಸಿದ ಮೇಲೆ ಮನುಷ್ಯ ಬದುಕುವುದು ಅಪರೂಪದಲ್ಲಿ ಅಪರೂಪ. ‘ಕೈ ಹಾಕಬೇಡಿ, ಈಗಲೇ ನೀವೂ ಲಸಿಕೆ ಹಾಕಿಸಿಕೊಳ್ಳಿ’ ಎಂಬ ವೈದ್ಯರ ಒಂದು ಮಾತನ್ನು ಮನೆಯವರು ನಂಬಿ ನಡೆಯಬೇಕಾದ ಗಳಿಗೆ ಅದು. ಜ್ವರದ ದಿನ ಮಾತಾಡದ ವೈದ್ಯರ ಮಾತು ಅಂಥ ಗಳಿಗೆಯಲ್ಲಿ ನಾಟುವುದಿಲ್ಲ.

ದೂರು ಕೊಡಲು ದಾರಿಗಳಿವೆ. ವೃತ್ತಿಯ ನಡವಳಿಕೆ ಬಗ್ಗೆ ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿಗೆ ಬರೆಯಬಹುದು. ಹಣ ಕೊಟ್ಟು ಪಡೆದ ಸೇವೆಯಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗದ ಮೆಟ್ಟಿಲು ಹತ್ತಬಹುದು. ಪುಕ್ಕಟೆ ಸೇವೆಗೆ ಅದು ಅನ್ವಯಿಸದು. ಎಲ್ಲಿ ಹೋದರೂ ಮೊದಲು ಕೇಳುವುದು ದಾಖಲೆಯನ್ನೇ. ಸುಳ್ಳು ಆಪಾದನೆ ಬಂದರೆ ಪ್ರಾಮಾಣಿಕ ವೈದ್ಯರನ್ನು ಕಾಯುವುದೂ ಅದೇ ಚೀಟಿ.

ಈಗ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡಿರುವ ಈ ರಾಮನಗರ ಜಿಲ್ಲೆಯಿಂದ ರಾಜಧಾನಿ 50–60 ಕಿ.ಮೀ. ದೂರ. ನಾಯಿಯ ರಕ್ತದಲ್ಲಿ ಏನಿದೆ ಎಂದು ತಿಳಿಯಲು ಮಾಗಡಿಯವರೂ ಕನಕಪುರದವರೂ ಬಾಡಿಗೆ ಕಾರು ಹಿಡಿಯುವ ಸ್ಥಿತಿ ಇರಬಾರದು. ಐದೂ ತಾಲ್ಲೂಕು ಕೇಂದ್ರಗಳ ಪಶು ಆಸ್ಪತ್ರೆಗಳಲ್ಲಿ ವಾರದಲ್ಲಿ ಒಂದು ಬೆಳಿಗ್ಗೆಯನ್ನು ನಾಯಿ, ಬೆಕ್ಕುಗಳಿಗೆ ಮೀಸಲಿಟ್ಟು, ರಕ್ತ ಪರೀಕ್ಷೆಯ ಏರ್ಪಾಡು ಮಾಡಲಿ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಪ್ರತಿ ಚಿಕಿತ್ಸೆಗೂ ಶಂಕಿತ ರೋಗ, ಔಷಧದ ಹೆಸರು, ಪ್ರಮಾಣ ಬರೆದ ಚೀಟಿ ಕಡ್ಡಾಯವಾಗಲಿ. ಬೇರೆ ಕಡೆ ತೋರಿಸಿದೆವು ಎಂದಾಗ ‘ಹಾಗಾದ್ರೆ ಅಲ್ಲೇ ತೋರಿಸ್ಕೊಳ್ಳಿ’ ಎಂದು ಮುಖ ತಿರುಗಿಸುವ ಚಾಳಿಯನ್ನು ವೈದ್ಯರು ಬಿಡಲಿ.

ಕರಿಯನ ಫೈಲು ಈಗ ನಮ್ಮ ನಡುಮನೆಯ ಮೊಳೆಗೆ ನೇತುಬಿದ್ದಿದೆ: ಲಸಿಕೆಯ ದಿನಾಂಕ, ರಕ್ತದ ವರದಿ, ಯಾವ ಮಾತ್ರೆ ಎಷ್ಟು ದಿನ, ನಾವೇ ತಪ್ಪಿಸಿದ ಎರಡು ದಿನ ಸಹ. ನಾಯಿ ಇರುವ ಪ್ರತಿ ಮನೆಯೂ ಇಂಥದೊಂದು ಫೈಲು ಇಡಲಿ. ಮುಂದಿನ ಸಲ ಸೂಜಿ ಚುಚ್ಚುವ ಮೊದಲು ವೈದ್ಯರನ್ನು ಗೌರವದಿಂದಲೇ ಕೇಳಿ: ‘ಏನು ಕೊಡ್ತಿದ್ದೀರಿ ಸಾರ್, ಬರೆದುಕೊಡಿ.’