ಕುಡಿತದ ಹಗುರ ಮಾತುಗಳು

ಅಮೆರಿಕದ ಸಣ್ಣ ಬಿಯರ್ ತಯಾರಕರಿಗೂ ಅವರ ಗಿರಾಕಿಗಳಿಗೂ ಈಗ ಬಹಳ ಪ್ರಿಯವಾದ ಮಾತು 'ಕ್ರಶಬಲ್'. ಒಂದು ಡಬ್ಬಿ ಖಾಲಿ ಮಾಡಿ ಇನ್ನೊಂದಕ್ಕೆ ಕೈ ಚಾಚುವಷ್ಟು ಸಲೀಸು ಎಂದರ್ಥ. ಅದಕ್ಕಿಂತ ಹಳೆಯದು 'ಸೆಷನಬಲ್'. ಸೆಷನ್ಸ್ ಎಂದರೆ ನಮಗೆ ನೆನಪಾಗುವುದು ಕೋರ್ಟು; ಅಲ್ಲಿ ಅದು ಗೆಳೆಯರು ಕೂಡಿ ಕುಡಿಯುವ ಬೈಠಕ್ಕು.

ಇಂಗ್ಲೆಂಡಿನಲ್ಲಿ ಈ ಮಾತು ಸಲ್ಲುವುದು ಸುಮಾರು ಶೇಕಡಾ 4ರೊಳಗಿನ ಬಿಯರಿಗೆ. ಅಮೆರಿಕನ್ನರು 5ರ ತನಕ ಎಳೆದಿದ್ದಾರೆ. ಮಿಷಿಗನ್ನಿನ ಫೌಂಡರ್ಸ್ ಕಂಪೆನಿಯ ಒಂದು ಬಿಯರಿನ ಹೆಸರೇ 'ಆಲ್ ಡೇ', ಅಂದರೆ ದಿನವಿಡೀ! ಅದರ ಮದ್ಯಾಂಶ ಶೇಕಡಾ 4.7. 355 ಮಿಲಿಲೀಟರಿನ ಒಂದು ಡಬ್ಬಿಯಲ್ಲಿ ಸುಮಾರು 13 ಗ್ರಾಂ ಮದ್ಯಸಾರ. ನಾಲ್ಕು ಡಬ್ಬಿ ಮುಗಿಯುವಾಗ 50 ಗ್ರಾಂ ದಾಟಿರುತ್ತದೆ. 1975ರಲ್ಲಿ ಅಮೆರಿಕದಾದ್ಯಂತ ಮಾರಾಟಕ್ಕೆ ಬಂದ ಮಿಲ್ಲರ್ ಲೈಟ್‌ನಲ್ಲಿರುವುದು ಶೇಕಡಾ 4.2 ಮಾತ್ರ. ಅಂಥ ಬಿಯರನ್ನು ನೀರೆಂದು ಹಳಿದು ಬೆಳೆದವರೇ ಇಂದು 'ಹಗುರ'ವನ್ನು ಬೇರೆ ಹೆಸರಿನಲ್ಲಿ ಮಾರುತ್ತಿದ್ದಾರೆ.

ಕಹಿ, ಹುಳಿ ಎಂದರೆ ನಮ್ಮ ತಕರಾರಿಲ್ಲ. ಅವು ನಾಲಗೆ ಬಲ್ಲ ಮಾತುಗಳು. ನಮ್ಮೂರ ಕಳ್ಳು ಸಿಹಿ ಬಿಟ್ಟು ಹುಳಿಗೆ ತಿರುಗಿದೆ ಎಂದರೆ ಅಮಲೇರಿದೆಯೆಂದು ಕೊಳ್ಳುವವನಿಗೆ ತಿಳಿಯುತ್ತದೆ. 'ಕ್ರಶಬಲ್' ಎಂಬುದು ರುಚಿಯನ್ನೂ ಹೇಳುವುದಿಲ್ಲ, ಅಮಲನ್ನೂ ಹೇಳುವುದಿಲ್ಲ. ಇನ್ನೊಂದು ಕುಡಿ ಎನ್ನುತ್ತದೆ, ಅಷ್ಟೇ. ಹೊರದೇಶದಲ್ಲಿ ಮಕ್ಕಳಿರುವ ಮನೆಗಳು ನಮ್ಮಲ್ಲಿಯೂ ಇವೆಯಾದ್ದರಿಂದ ಇದನ್ನು ಬರೆಯಬೇಕಾಯಿತು.

ಬಿಯರ್ ಡಬ್ಬಿಗಳ ಮೇಲೆ ಮದ್ಯಾಂಶ ನಮೂದಿಸುವುದನ್ನು ಕಡ್ಡಾಯಗೊಳಿಸುವ ಪ್ರಸ್ತಾವವನ್ನು ಅಮೆರಿಕದ ಕೇಂದ್ರ ಸರಕಾರ 2025ರ ಜನವರಿಯಲ್ಲಿ ಮುಂದಿಟ್ಟಿತು. ಅದು ಯೋಗ್ಯವೆಂದೇ ನಮ್ಮ ಮತ. ಆ ಅಂಕಿಯನ್ನು 'ಕ್ರಶಬಲ್' ಎಂಬ ಪದದಷ್ಟೇ ದಪ್ಪ ಅಕ್ಷರದಲ್ಲಿ ಮುದ್ರಿಸಲಿ.