ಪರದೆಯಲ್ಲಿ ಕೆಲಸ ಸಾಗುತ್ತದೆ, ಪರಿಚಯ ಬೆಳೆಯುವುದು ಹೇಗೆ?

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದಾಗ ಬೆಂಗಳೂರು, ಪುಣೆ, ಹೈದರಾಬಾದಿನ ಕಂಪನಿಗಳಲ್ಲಿದ್ದ ನಮ್ಮ ಗಡಿಭಾಗದ ಅನೇಕ ಯುವಕ ಯುವತಿಯರು ಲ್ಯಾಪ್‌ಟಾಪ್ ಸಮೇತ ಊರಿಗೆ ಬಂದರು. ಬಹಳಷ್ಟು ಮಂದಿ ಮರಳಿ ಹೋಗಿದ್ದಾರೆ. ಉಳಿದವರು ಕಾಸರಗೋಡಿನಿಂದಲೋ ಸೊಲ್ಲಾಪುರದಿಂದಲೋ ಹೊಸೂರಿನಿಂದಲೋ ವಿಡಿಯೊ ಕರೆಯಲ್ಲೇ ಕಚೇರಿ ಕೆಲಸ ನಡೆಸುತ್ತಿದ್ದಾರೆ. ಕೆಲಸಕ್ಕೇನೂ ಅಡ್ಡಿಯಿಲ್ಲ. ಆದರೆ ಸಹೋದ್ಯೋಗಿಗಳೊಂದಿಗೆ ಸಲುಗೆ ಬೆಳೆಯುತ್ತಿದೆಯೇ?

ಹೀಗೆ ಕೇಳಲು ಕಾರಣವಿದೆ. ವಿಡಿಯೊ ಕರೆಯಿಂದಲೇ ಹೆಸರು ಮಾಡಿದ ಝೂಮ್ ಕಂಪನಿ, ಕಚೇರಿಯಿಂದ 50 ಮೈಲಿಯೊಳಗೆ ಇರುವ ತನ್ನ ನೌಕರರು ವಾರಕ್ಕೆರಡು ದಿನ ಕಚೇರಿಗೆ ಬರಬೇಕೆಂದು 2023ರ ಆಗಸ್ಟ್‌ನಲ್ಲಿ ಹೇಳಿತು. ಮೈಕ್ರೋಸಾಫ್ಟಿನ ಅಮೆರಿಕದ 61 ಸಾವಿರಕ್ಕೂ ಹೆಚ್ಚು ನೌಕರರ ಕುರಿತು 2021ರಲ್ಲಿ ಪ್ರಕಟವಾದ ಅಧ್ಯಯನವೂ ಗಮನಾರ್ಹ. ಎಲ್ಲರೂ ಮನೆಯಿಂದ ಕೆಲಸ ಮಾಡತೊಡಗಿದ ಮೇಲೆ ಬೇರೆ ಬೇರೆ ವಿಭಾಗಗಳ ನಡುವಿನ ಕೊಂಡಿಗಳು ಕಡಿಮೆಯಾದವು, ಜನ ತಮ್ಮ ತಮ್ಮ ಗುಂಪಿಗೇ ಸೀಮಿತರಾದರು ಎಂದು ಅದು ಕಂಡುಕೊಂಡಿತು.

ವಿಡಿಯೊ ಸಭೆಗೆ ಆಹ್ವಾನವಿದ್ದವರಷ್ಟೇ ಬರುತ್ತಾರೆ, ವಿಷಯ ಮುಗಿದೊಡನೆ ಎದ್ದುಹೋಗುತ್ತಾರೆ. ಕ್ಯಾಂಟೀನಿನ ಸಾಲಿನಲ್ಲಿ ಅಕಸ್ಮಾತ್ ಸಿಗುವ ಪಕ್ಕದ ವಿಭಾಗದವರು ಪರದೆಯಲ್ಲಿ ಸಿಗುವುದಿಲ್ಲ. ದೂರದ ಊರಿನಲ್ಲಿ ಕೂತವರಿಗೆ ಇದರ ನಷ್ಟ ಹೆಚ್ಚು. ಹೊಸ ಪ್ರಾಜೆಕ್ಟಿಗೆ ಜನ ಬೇಕಾದಾಗ, ಬಡ್ತಿಯ ಮಾತು ಬಂದಾಗ, ಒಡನಾಟವಿದ್ದವರ ಹೆಸರೇ ಮೊದಲು ನೆನಪಾಗುತ್ತದೆ.

ನಮ್ಮವರಿಗೆ ಇನ್ನೊಂದು ತೊಡಕೂ ಇದೆ. ಸಭೆ ಇಂಗ್ಲಿಷಿನಲ್ಲಿ, ಹರಟೆ ಹಲವು ಸಲ ಹಿಂದಿಯಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಪ್ಪತ್ತು ಮುಖಗಳ ಮುಂದೆ ಮೈಕ್ ಮುಚ್ಚಿ ಕೂತುಬಿಡುತ್ತಾರೆ. ಆದರೆ ಗಡಿಯವರ ಕೈಯಲ್ಲಿ ಒಳ್ಳೆಯ ಬಂಡವಾಳವಿದೆ. ಕಾಸರಗೋಡಿನವರಿಗೆ ತುಳು, ಮಲಯಾಳ ಗೊತ್ತು. ಜತ್ತಿನವರಿಗೆ ಮರಾಠಿ, ಆದೋನಿಯವರಿಗೆ ತೆಲುಗು. ಸಹೋದ್ಯೋಗಿಯ ಮನೆಮಾತಿನಲ್ಲೇ ‘ಊಟ ಆಯ್ತಾ?’ ಎಂದು ಕೇಳಬಲ್ಲವರು ನಾವು. ಇಬ್ಬರೇ ಇರುವ ಕರೆಯಲ್ಲಿ ಈ ಬಂಡವಾಳ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ.

ಆದ್ದರಿಂದ ವಾರಕ್ಕೊಮ್ಮೆ ಒಬ್ಬರೊಂದಿಗೆ, ಅದರಲ್ಲೂ ತಂಡದ ಹೊರಗಿನವರೊಂದಿಗೆ, ಹದಿನೈದು ನಿಮಿಷ ಮಾತಾಡಿ. ಹೊಸದಾಗಿ ಸೇರಿದವರನ್ನು ನೀವಾಗಿಯೇ ಮಾತಾಡಿಸಿ. ಪ್ರತಿ ಕರೆಗೂ ಕ್ಯಾಮೆರಾ ಬೇಕೆಂದಿಲ್ಲ. ಹತ್ತಿರದಿಂದ ದಿಟ್ಟಿಸುವ ಮುಖಗಳು, ಸದಾ ಕಣ್ಣಿಗೆ ಬೀಳುವ ನಮ್ಮದೇ ಚಿತ್ರ, ಅಲುಗಾಡದೆ ಕೂರುವುದು ದಣಿವಿಗೆ ಕಾರಣವೆಂದು ಸ್ಟ್ಯಾನ್‌ಫೋರ್ಡಿನ ಜೆರೆಮಿ ಬೇಲೆನ್ಸನ್ 2021ರಲ್ಲೇ ವಿವರಿಸಿದ್ದಾರೆ. ನಿಮ್ಮ ಚಿತ್ರವನ್ನು ನಿಮ್ಮ ಪರದೆಯಿಂದ ಮರೆಮಾಡಿಕೊಳ್ಳಬಹುದು. ಕೆಲವು ಕರೆಗಳಿಗೆ ಬರೀ ಧ್ವನಿ ಸಾಕು. ವರ್ಷಕ್ಕೊಮ್ಮೆಯಾದರೂ ಕಚೇರಿಗೆ ಹೋಗಿ ಮುಖತಃ ಭೇಟಿಯಾಗಿ. ಜತೆಗೆ ಕೂತು ಉಂಡವರೊಂದಿಗೆ ಆಮೇಲಿನ ಕರೆಗಳು ಸಲೀಸಾಗುತ್ತವೆ.

ಈ ಮಾತು ನಮ್ಮ ಸಂಘಗಳಿಗೂ ಸಲ್ಲುತ್ತದೆ. ತಾಳವಾಡಿಯ ಕಾರ್ಯಕರ್ತರೂ ಅಕ್ಕಲಕೋಟೆಯ ಕಾರ್ಯಕರ್ತರೂ ಆನ್‌ಲೈನ್ ಸಭೆಯಲ್ಲಷ್ಟೇ ಭೇಟಿಯಾದರೆ ನಿರ್ಣಯಗಳಾಗುತ್ತವೆ, ಬಳಗ ಕಟ್ಟಲು ಅಷ್ಟು ಸಾಲದು. ಮುಂದಿನ ಸಭೆಗೆ ಮೊದಲು ಬೇರೊಂದು ಊರಿನ ಒಬ್ಬ ಸದಸ್ಯರಿಗೆ ಕರೆ ಮಾಡಿ ಕುಶಲ ವಿಚಾರಿಸಿ. ನಿಮ್ಮ ಅನುಭವಗಳನ್ನು ನಮಗೂ ಬರೆದು ತಿಳಿಸಿ.