ಹಳೇ ಲಾರಿಗೆ ಹಳೇ ಟೈರ ಅನ್ನೋ ಶಾಣ್ಯಾತನ

ಅಕ್ಕಾರ, ವೈನ್ಯಾರ, ಕಬ್ಬಿನ ಹಂಗಾಮ ಹತ್ರ ಬಂತು. ಜಮಖಂಡಿ, ಮುಧೋಳ, ಬನಹಟ್ಟಿ ಕಡೆ ಹಳೇ ಮೂಗಿನ ಲಾರಿ ತೊಳದು, ಗ್ರೀಸ್ ಹಚ್ಚಿ ಹೊಂಡಸೋ ಹೊತ್ತು. ಟಾಟಾದವ್ರು 1954ರಿಂದ 1969ರ ತನಕ ಜರ್ಮನಿಯ ಬೆಂಝ್ ಕಂಪನಿ ಕೂಡ ಸೇರಿ ಲಾರಿ ಮಾಡಿದ್ರು, ಅದಕ್ಕ ಹಿರ್ಯಾರ ಬಾಯಾಗ ಅದಿನ್ನೂ ಬೆಂಜ್ ಲಾರಿನ. ಆ ಲಾರಿಯ ಬಣ್ಣಕ್ಕ, ಗಾಜಿನ ಮ್ಯಾಲಿನ ದೇವರ ಹೆಸರಿಗೆ ಗಂಡಸ್ರು ರೊಕ್ಕ ಸುರೀತಾರ. ಟೈರಿನ ಮಾತು ಬಂತೋ, "ಹಳೇ ಗಾಡಿಗೆ ಹೊಸಾ ಟೈರ ಯಾಕ, ಸೆಕೆಂಡ್ ಹಾಕಿದ್ರ ಆತು" ಅಂತಾರ. ಈ ಮಾತಿನ ಮ್ಯಾಲ ನನ್ನ ಸಿಟ್ಟು.

ಹಳೇ ಲಾರಿಗೇ ಛಲೋ ಟೈರ ಬೇಕ್ರಿ. ಬ್ರೇಕ್ ಹಳೇದು, ಸ್ಟೇರಿಂಗ್ ತಿರುಗಿಸಾಕ ರಟ್ಟಿ ಸೋಲ್ತಾವ. ಸಮೀರವಾಡಿ ರಸ್ತಾದಾಗ ಮೈತುಂಬ ಕಬ್ಬು ಹೇರಿದಾಗ ಮುಂದಿನ ಟೈರ ಒಡದ್ರ ಯಾವ ಡ್ರೈವರ್ ಹಿಡದಾನು? ಕಬ್ಬಿನ ಮ್ಯಾಲ ಕಡಿಯೋ ಗ್ಯಾಂಗಿನ ಹೆಣ್ಮಕ್ಕಳು ಕುಂತಿರ್ತಾರ.

"ಗೆರಿ ಇನ್ನೂ ಅದಾವಲ್ಲ" ಅಂತ ಅಂಗಡಿಯವ್ರು ತೋರಸ್ತಾರ. ಗೆರಿ ನೋಡಿದ್ರ ಸಾಲೂದಿಲ್ಲ. ಕುಕ್ಕರಿನ ರಬ್ಬರ ನಮಗ ಗೊತ್ತಿಲ್ಲೇನು? ಬಳಸದ ಮಾಡದಾಗ ಇಟ್ರೂ ಬಿರುಸಾಗಿ ಸೀಳತದ. ಟೈರೂ ರಬ್ಬರೇ. ಕರೀ ಬಣ್ಣ ಬಳದು ಮಿಂಚಸಿದ್ರ ವಯಸ್ಸು ಕಡಿಮಿ ಆಗೂದಿಲ್ಲ. ಟೈರಿನ ಮಗ್ಗಲದಾಗ ಅಚ್ಚೊತ್ತಿದ ನಾಕು ಅಂಕಿ ಇರ್ತಾವ. 3516 ಅಂದ್ರ 2016ರ 35ನೇ ವಾರದಾಗ ಮಾಡಿದ್ದು. ಮೂರೇ ಅಂಕಿ ಇದ್ರ 2000ಕ್ಕಿಂತ ಹಿಂದಿನದು, ಅದನ್ನ ಮುಟ್ಟಬ್ಯಾಡ್ರಿ. ಮಗ್ಗಲದಾಗ ಸಣ್ಣ ಸೀಳು ಕಂಡ್ರೂ ಅಷ್ಟ.

ರಿಮೋಲ್ಡ್ ಬ್ಯಾಡಾ ಅಂತ ನಾ ಅನ್ನೂದಿಲ್ಲ. ಕೇಸಿಂಗ್ ಗಟ್ಟಿ ಇದ್ರ ಹಿಂದ ನಡೀತದ. ಮುಂದ ಮಾತ್ರ ಹೊಸಾವೇ ಆಗ್ಬೇಕು. ಹಿಂದಿನ ಜೋಡಿ ಟೈರ ಎರಡೂ ಒಂದ ಎತ್ತರ ಇರ್ಬೇಕು. ಎತ್ತರದ ಎತ್ತಿನ ಜೋಡಿ ಗಿಡ್ಡನ್ನ ಹೂಡಿದ್ರ ಏನಾಗ್ತದ? ಇಲ್ಲೂ ಹಂಗ, ಭಾರೆಲ್ಲಾ ಎತ್ತರದ ಟೈರಿನ ಮ್ಯಾಲ ಬಿದ್ದು, ಕಾಯ್ದು, ಅದ ಒಡೀತದ.

ಮತ್ತ ನೈಲಾನ್ ಬೇಕೋ ರೇಡಿಯಲ್ ಬೇಕೋ ಅನ್ನೂದೊಂದು ದೊಡ್ಡ ವಾದ. ಹೊಲದ ಎರಿ ಮಣ್ಣು, ಕಲ್ಲು, ನಿಧಾನದ ಓಟ, ಇಷ್ಟಕ್ಕ ನೈಲಾನ್ ಸಾಕು, ಅದರ ಮಗ್ಗಲು ಬಿರುಸು. ದೂರದ ಹೈವೇ ಓಟ ಇದ್ರ ರೇಡಿಯಲ್, ಅದು ಕಡಿಮಿ ಕಾಯ್ತದ. ಒಂದ ಅಚ್ಚಿಗೆ ಎರಡೂ ನಮೂನಿ ಬೆರಸಬಾರ್ದು. ಮುಂದ ಉದ್ದಗೆರಿ, ಹಿಂದ ದಪ್ಪ ಅಡ್ಡಗೆರಿ. ಟ್ಯೂಬು, ಫ್ಲಾಪೂ ಹೊಸಾವ ತರ್ರಿ, ಅದರಾಗ ಉಳಸಿದ ರೊಕ್ಕ ಪಂಕ್ಚರ್ ಅಂಗಡಿಗೆ ಹೋಗ್ತದ.

"ನಿಮಗೇನ ತಿಳೀತದ, ಒಳಗ ಹೋಗ್ರಿ" ಅನ್ನವ್ರಿಗೆ ಒಂದ ಮಾತು. ಆ ರೊಕ್ಕ ಸಂಘದಾಗ ನಮ್ಮ ಹೆಸರಿಲೆ ಎತ್ತಿದ ಸಾಲ. ವಾರದ ಕಂತು ನಾವು ಕಟ್ತೇವಿ, ಟೈರಿನ ವಾರ ಓದಾಕ ನಮಗ್ಯಾಕ ಬರೂದಿಲ್ಲ? ಆರೂ ಟೈರಿಗೆ ರೊಕ್ಕ ಸಾಲದಿದ್ರ ಈ ವರ್ಷ ಮುಂದಿನ ಎರಡ ಹೊಸಾವು ತರ್ರಿ, ಹಿಂದಿನವಕ್ಕ ಜೋಡಿ ನೋಡಿ ರಿಮೋಲ್ಡ್ ಮಾಡಸ್ರಿ. ದೇವರ ಹೆಸರಿನ ಬಣ್ಣ ಮುಂದಿನ ದಸರಾಕ್ಕ ಆತು.